ಭಾರ ಉಂಟಲ್ಲ, ಬೀಳುವುದಿಲ್ಲ!

"ಎಂತ ಭಾವ, ಮೆಷಿನಿಗೆ ಮಣೆ ಹಾಕಿ ಕೂರಿಸಿದ್ದೀರಿ? ಊಟಕ್ಕಾ?"

ಟೆಕ್ಸಾಸಿನ ಗರಾಜಿನಲ್ಲಿ ಅಗಲ ಪ್ಲೈವುಡ್ ಹಲಗೆಯ ಮೇಲೆ ನಿಲ್ಲಿಸಿದ ಪಿಲ್ಲರ್ ಡ್ರಿಲ್ಲಿನ (ಕಂಬಕ್ಕೆ ಕೂರಿಸಿದ ತೂತು ಕೊರೆಯುವ ಮೆಷಿನ್) ಫೋಟೋಗೆ ಸುರತ್ಕಲ್‌ನಿಂದ ಬಂದ ಉತ್ತರ ಇದು. ಹಿಂದೆಯೇ ಇನ್ನೊಂದು: "ಅಷ್ಟು ಭಾರ ಉಂಟಲ್ಲ, ಅದು ಎಲ್ಲಿಗೆ ಬೀಳುತ್ತದೆ?"

ಕಡೆಯುವ ಕಲ್ಲು ನೋಡಿ ಬೆಳೆದವರ ಮಾತು. ಕಡೆಯುವ ಕಲ್ಲು ಬೀಳುವುದಿಲ್ಲ, ನಿಜ. ಆದರೆ ಅದರ ಭಾರವೆಲ್ಲ ನೆಲದ ಹತ್ತಿರ ಇರುತ್ತದೆ. ಡ್ರಿಲ್ ಮೆಷಿನಿನ ಕಥೆ ಉಲ್ಟಾ. ಮೋಟರು, ಪುಲ್ಲಿ, ಬೀಡಿನ (ಎರಕದ ಕಬ್ಬಿಣದ) ತಲೆ ಎಲ್ಲವೂ ಮೇಲೆ. ಕೆಳಗೆ ಇರುವುದು ಒಂದು ಸಣ್ಣ ಪಾದ. 80 ಕೆ.ಜಿ.ಯ ಮೆಷಿನ್, ಪಾದದ ಅಗಲ 30 ಸೆಂ.ಮೀ., ಭಾರದ ಕೇಂದ್ರ ನೆಲದಿಂದ 1 ಮೀಟರ್ ಮೇಲೆ ಎಂದು ಇಟ್ಟುಕೊಳ್ಳಿ. ಒಂದೂವರೆ ಮೀಟರ್ ಎತ್ತರದಲ್ಲಿ ಪಕ್ಕದಿಂದ 8 ಕೆ.ಜಿ.ಯಷ್ಟು ಬಲ ಬಿದ್ದರೆ ಸಾಕು, ಒಂದು ಅಂಚು ಏಳುತ್ತದೆ. ಎಂಟೂವರೆ ಡಿಗ್ರಿ ವಾಲಿದ ಮೇಲೆ ಹಿಡಿದು ನಿಲ್ಲಿಸುವ ಮಾತೇ ಇಲ್ಲ. ತೂತು ಆಚೆ ಬದಿಗೆ ಹೊರಡುವ ಹೊತ್ತಿಗೆ ಡ್ರಿಲ್ ಬಿಟ್ (ಕೊರೆಯುವ ಮೊನೆ) ಕಬ್ಬಿಣದ ಪಟ್ಟಿಯನ್ನು ಕಚ್ಚಿಕೊಂಡರೆ, ಅಥವಾ ಟೇಬಲ್ಲಿನ ಒಂದು ಬದಿಗೆ ಎರಡು ಮೀಟರ್ ಉದ್ದದ ಕಬ್ಬಿಣದ ಚಾನೆಲ್ ಜೋತು ಬಿದ್ದರೆ, ಆ 8 ಕೆ.ಜಿ. ಏನೂ ದೊಡ್ಡ ಲೆಕ್ಕವಲ್ಲ.

ಊರಿನ ಕಾರ್ ಶೆಡ್ಡುಗಳಲ್ಲಿ ಇದಕ್ಕೆ ಇರುವ ಮದ್ದು ಎಂತದು? ಪಾದ ಅಲುಗಾಡಿದರೆ ಅಡಿಗೆ ಒಂದು ಹೆಂಚಿನ ಚೂರು. ಮಾಡಿನ ಮೇಲೆ ಮಂಗಳೂರು ಹೆಂಚಿನಷ್ಟು ಒಳ್ಳೆಯ ವಸ್ತು ಇಲ್ಲ. ಬೀಡಿನ ಪಾದದ ಅಡಿಗೆ ಅದರಷ್ಟು ಕೆಟ್ಟದ್ದೂ ಇಲ್ಲ. ನಡುಕಕ್ಕೆ ಪುಡಿಯಾಗಿ ಒಂದು ವಾರದಲ್ಲಿ ಮತ್ತೆ ಕುಟುಕುಟು. ಅದಕ್ಕಿಂತ ಕೇಡು, ಕೆಳಗೆ ಸಂದು ಇರುವಾಗಲೇ ಬೋಲ್ಟು ಬಿಗಿಯುವುದು. ಬೀಡು ಬಗ್ಗುವ ಜಾತಿಯಲ್ಲ, ಸೀಳಿಯೇ ಹೋಗುತ್ತದೆ.

ಇನ್ನು ಗೋಡೆಗೆ ಕಟ್ಟುವವರು. ಕೆಂಪುಕಲ್ಲಿಗೆ ಆಂಕರ್ ಬೋಲ್ಟು ಹೊಡೆದು ಬಿಗಿದರೆ, ಅರಳಿಕೊಳ್ಳುವ ಬೋಲ್ಟು ಸುತ್ತಲಿನ ಕಲ್ಲನ್ನೇ ಪುಡಿ ಮಾಡಿಕೊಂಡು ಸಡಿಲಾಗುತ್ತದೆ. ಕಟ್ಟಲೇಬೇಕಾದರೆ ಗೋಡೆಯ ಆಚೆ ಬದಿಗೆ ದಾಟುವ 12 ಮಿ.ಮೀ. ರಾಡು, ಹೊರಗೆ 10 ಸೆಂ.ಮೀ. ಚೌಕದ ಕಬ್ಬಿಣದ ತಗಡು ಬೇಕು. ಕಾಂಕ್ರೀಟ್ ಪಿಲ್ಲರ್ ಹತ್ತಿರ ಇದ್ದರೆ ಅದಕ್ಕೇ ಕಟ್ಟಿ. ಹೊಯ್ಗೆಯ (ಮರಳಿನ) ಮೇಲೆ ಹಾಸಿದ ಇಂಟರ್‌ಲಾಕ್ ನೆಲಕ್ಕೆ ಬೋಲ್ಟು ಹೊಡೆಯುವವರಿಗೆ ನಾನು ಹೇಳುವುದು ಏನೂ ಇಲ್ಲ.

ಇಲ್ಲಿಯ ಮಣೆಯ ಲೆಕ್ಕ ಹೀಗೆ. 18 ಮಿ.ಮೀ.ಯ ಎರಡು ಪ್ಲೈವುಡ್ ಹಾಳೆ, ಅಡ್ಡಕ್ಕೆ 60, ಹಿಂದೆ ಮುಂದೆ 75 ಸೆಂ.ಮೀ., ಅಂಟು ಹಾಕಿ ಸ್ಕ್ರೂ ಬಿಗಿದದ್ದು. ಪಾದದ ತೂತುಗಳಿಗೆ 12 ಮಿ.ಮೀ. ಬೋಲ್ಟು ಕೆಳಗಿನಿಂದ ಮೇಲಕ್ಕೆ. ಬೋಲ್ಟಿನ ತಲೆ ಪ್ಲೈವುಡ್ಡಿನೊಳಗೆ ಹೂತಿರಬೇಕು, ಮೇಲೆ ಅಗಲದ ವಾಶರು. ನಾಲ್ಕು ಮೂಲೆಗೆ ತಿರುಗಿಸಿ ಎತ್ತರ ಹೊಂದಿಸುವ ಕಾಲು. ಇಷ್ಟು ಮಾಡಿದರೆ ಪಕ್ಕದಿಂದ ಬೀಳಿಸಲು ಬೇಕಾದ ಬಲ 8ರಿಂದ 16 ಕೆ.ಜಿ.ಗೆ ಏರಿತು. ಪಾದದ ಎರಡೂ ಬದಿಗೆ 25 ಕೆ.ಜಿ.ಯ ಒಂದೊಂದು ಹೊಯ್ಗೆ ಚೀಲ ಇಟ್ಟರೆ 26. ಊರಿನಲ್ಲಿ ಮಾಡುವವರು ನೀರಿಗೆ ತಾಳುವ ಪ್ಲೈವುಡ್ಡೇ ತಂದು ಅಂಚಿಗೆ ಬಣ್ಣ ಕುಡಿಸಬೇಕು. ಹೊಯ್ಗೆ ಹೊಳೆಯದ್ದೇ ಆಗಲಿ. ಕಡಲಿನದ್ದಾದರೆ ಅದರ ಉಪ್ಪು ತೇವ ಎಳೆದು ಪಾದವನ್ನು ತುಕ್ಕಿಗೆ ಕೊಡುತ್ತದೆ.

ಅಡಿಗೆ ದಪ್ಪ ಮೆತ್ತನೆಯ ರಬ್ಬರ್ ಹಾಕಿದರೆ ನಡುಕ ಹೋಗುವುದಿಲ್ಲ, ತೂಗಾಟ ಹೆಚ್ಚಾಗುತ್ತದೆ. ಸದ್ದು ಬರುತ್ತಿದೆ ಎಂದಾದರೆ ಮೊದಲು ಬೆಲ್ಟು ತೆಗೆದು ಬರೀ ಮೋಟರು ಓಡಿಸಿ ನೋಡಿ. ಆಗ ಸದ್ದು ನಿಂತರೆ ರೋಗ ಬೆಲ್ಟಿನಲ್ಲೋ ಪುಲ್ಲಿಯಲ್ಲೋ ತಲೆಯ ಬೇರಿಂಗಿನಲ್ಲೋ ಉಂಟು, ಪಾದವನ್ನು ಬೈಯಬೇಡಿ.

ಮಣೆಯನ್ನು ಇಷ್ಟು ಹೊಗಳಿದ ಮೇಲೆ ಒಪ್ಪಿಕೊಳ್ಳಬೇಕಾದದ್ದೂ ಸ್ವಲ್ಪ ಉಂಟು. ಇಲ್ಲಿಯವರು ಅದಕ್ಕೆ ಗಾಲಿ ಹಚ್ಚುತ್ತಾರೆ. ಕಾರು ಒಳಗೆ ಬರಬೇಕಲ್ಲ. ತಿರುಗುವ ಗಾಲಿ ಒಳಮುಖ ಮಾಡಿ ನಿಂತರೆ ನೆಲ ಮುಟ್ಟುವ ಜಾಗವೂ ಒಳಗೆ ಸರಿಯುತ್ತದೆ, ಕಷ್ಟಪಟ್ಟು ಗಳಿಸಿದ ಅಗಲದಲ್ಲಿ ಕೆಲವು ಸೆಂ.ಮೀ. ಅಲ್ಲೇ ಖರ್ಚು. ಕೆಲಸಕ್ಕೆ ಮೊದಲು ಮೆಷಿನನ್ನು ಗಾಲಿಯಿಂದ ಎತ್ತಿ ಕಾಲಿನ ಮೇಲೆ ನಿಲ್ಲಿಸದಿದ್ದರೆ ಅದು ಗಾಡಿಯೇ. ತಳ್ಳುವಾಗ ಟೇಬಲ್ ಕೆಳಗಿಳಿಸಿ, ಕೆಲಸದ ತುಂಡು ಹಿಡಿಯುವ ವೈಸ್ ಕಳಚಿ, ಕೈ ಸೊಂಟಕ್ಕಿಂತ ಕೆಳಗೆ ಇರಬೇಕು. ಸಣ್ಣ ಗಾಲಿ ಹೊಸ್ತಿಲಿಗೆ ತಾಗಿ ನಿಂತಾಗ ತಲೆ ಮುಂದೆ ಹೋಗುತ್ತದೆ.

ಮತ್ತೆ, ಇವರೇನು ಜಾಣತನಕ್ಕೆ ಮಣೆ ಹಾಕಿದವರಲ್ಲ. ಟೆಕ್ಸಾಸಿನ ಬಹಳಷ್ಟು ಹೊಸ ಮನೆಗಳ ನೆಲದ ಕಾಂಕ್ರೀಟಿನೊಳಗೆ ಹತ್ತು ಟನ್ನಿಗೂ ಮಿಕ್ಕಿ ಬಿಗಿದ ಉಕ್ಕಿನ ತಂತಿಗಳು ಇರುತ್ತವೆ. ಕೊರೆಯಬೇಡಿ, ಕತ್ತರಿಸಬೇಡಿ ಎಂದು ಗರಾಜಿನ ನೆಲದಲ್ಲೇ ಮುದ್ರೆ ಒತ್ತಿರುತ್ತಾರೆ. ಬೋಲ್ಟು ಹೊಡೆಯಲು ಆಗದ ನೆಲಕ್ಕೆ ಮಣೆ ಅನಿವಾರ್ಯ.

ಊರಿನ ಶೆಡ್ಡಿಗೆ ಆ ಭಯ ಇಲ್ಲ. ಹಾಗಾಗಿ, ಮೆಷಿನ್ ಅಲ್ಲೇ ಇರುವುದಾದರೆ, ಮಣೆಗಿಂತ ಕಟ್ಟೆ ಒಳ್ಳೆಯದು ಎಂದು ಸುರತ್ಕಲ್‌ಗೆ ಹೇಳಬೇಕಾಯಿತು. ಇಂಟರ್‌ಲಾಕ್ ಕಿತ್ತು, ಗಟ್ಟಿ ನೆಲ ಸಿಗುವವರೆಗೆ ಅಗೆದು, 75×60 ಸೆಂ.ಮೀ., 20 ಸೆಂ.ಮೀ. ದಪ್ಪದ ಕಾಂಕ್ರೀಟ್, ಸಿಮೆಂಟು, ಹೊಯ್ಗೆ, ಜಲ್ಲಿ 1:1.5:3. ಅದೊಂದೇ 215 ಕೆ.ಜಿ. ಆಗುತ್ತದೆ. ಪಾದದ ತೂತುಗಳನ್ನು ಪ್ಲೈವುಡ್ ತುಂಡಿಗೆ ಗುರುತು ಹಾಕಿಕೊಂಡು, ತುದಿ ಬಗ್ಗಿಸಿದ 12 ಮಿ.ಮೀ. ಬೋಲ್ಟುಗಳನ್ನು ಹಸಿ ಇರುವಾಗಲೇ 15 ಸೆಂ.ಮೀ. ಒಳಗೆ ಕೂರಿಸಬೇಕು. ಏಳು ದಿನ ನೀರು ಹಾಯಿಸಿ. ಆಮೇಲೆ ಮೆಷಿನ್ ಇಟ್ಟು, ಕಬ್ಬಿಣದ ತೆಳು ತಗಡು ಕೊಟ್ಟು, ಕಂಬಕ್ಕೆ ಎರಡು ದಿಕ್ಕಿನಿಂದ ರಸಮಟ್ಟ ಹಿಡಿದು, ಸಂದಿಗೆ ಕುಗ್ಗದ ಗ್ರೌಟ್ (ಸಿಮೆಂಟಿನ ತೆಳು ಗಾರೆ) ತುಂಬಿ. ಅದು ಗಟ್ಟಿಯಾದ ಮೇಲೆಯೇ ನಟ್ಟು ಬಿಗಿಯುವುದು.

ಕಟ್ಟೆಯ ಮೇಲ್ಮೈ ಶೆಡ್ಡಿನ ನೆಲಕ್ಕಿಂತ ಎರಡು ಇಂಚು ಮೇಲಿರಲಿ. ಆಟಿಯ (ಜುಲೈ-ಆಗಸ್ಟ್) ಮಳೆಗೆ ನೀರು ಒಳಗೆ ಬಂದಾಗ ಗಾಲಿಯ ಮೆಷಿನನ್ನು ಒಣ ಮೂಲೆಗೆ ತಳ್ಳಬಹುದು, ಕಟ್ಟೆಯ ಮೆಷಿನನ್ನು ಆಗುವುದಿಲ್ಲ. ಬೋಲ್ಟಿನ ತುದಿಗೆ ಗ್ರೀಸು, ಕಂಬಕ್ಕೂ ಟೇಬಲ್ಲಿಗೂ ಎಣ್ಣೆ, ಮೇ ತಿಂಗಳು ಮುಗಿಯುವ ಮೊದಲೇ.