ಸತ್ಯಾಂಶ: ನೊರೆ ಹೋದರೆ ಸೋಪೂ ಹೋಯಿತೇ?

"ಹರಿಯುವ ಹಳ್ಳಕ್ಕೆ ಸೋಪಿನಿಂದ ಏನೂ ಆಗಲ್ಲ, ನೊರೆ ಹೋದರೆ ಮುಗೀತು" ಎಂಬ ಸಂದೇಶ ಶಿರಸಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ನೊರೆ ಅಂದರೆ ಗಾಳಿಯ ಗುಳ್ಳೆ. ಅದು ಒಡೆದರೂ ಸೋಪು, ಡಿಟರ್ಜೆಂಟ್ ನೀರಲ್ಲೇ ಇರುತ್ತವೆ. ಹಳ್ಳದ ಮೇಲೆ ಕಾಲು ಚಾಚಿ ಜಾರುವ ಹುಳ ನೋಡಿದ್ದೀರಿ ಅಲ್ವಾ? ಅದರ ಕಾಲಡಿ ನೀರು ತೆಳು ಚರ್ಮದ ಹಾಗೆ ಕುಳಿ ಬೀಳುತ್ತದೆ, ಆದರೆ ತೂತಾಗುವುದಿಲ್ಲ. ಡಿಟರ್ಜೆಂಟ್ ಆ ಬಿಗಿಯನ್ನೇ ಸಡಿಲ ಮಾಡುತ್ತದೆ. ಹುಳ ಮುಳುಗುತ್ತದೆ. ಮೀನಿನ ಕಿವಿರಿಗೂ ಪೆಟ್ಟು ಬೀಳುತ್ತದೆ. ಬೇಸಿಗೆಯಲ್ಲಿ ಹಳ್ಳ ಬರೀ ಗುಂಡಿಗಳಾಗಿ ನಿಂತಾಗ ಅಪಾಯ ಜಾಸ್ತಿ, ಡಿಟರ್ಜೆಂಟ್ ತೆಳುವಾಗಲು ಸಾಕಷ್ಟು ನೀರೇ ಇರುವುದಿಲ್ಲ.

'ಬಯೋಡಿಗ್ರೇಡಬಲ್' (ಸೂಕ್ಷ್ಮಜೀವಿಗಳು ಒಡೆಯಬಲ್ಲ) ಪುಡಿಯೂ ಸುಮ್ನೆ ಮಾಯವಾಗಲ್ಲ, ಒಡೆಯಲು ದಿನಗಳು ಬೇಕು. ಅಷ್ಟರಲ್ಲಿ ನೀರು ಅಘನಾಶಿನಿ ನದಿಯತ್ತ ಹೊರಟಿರುತ್ತದೆ. ಬಟ್ಟೆ ಒಗೆದ ನೀರನ್ನು ದಯವಿಟ್ಟು ಹಳ್ಳದಿಂದ ದೂರ, ಮಣ್ಣಿಗೆ ಬಿಡಿ.