ಉಳಿತಾಯದ ಹುಣಸೆಹಣ್ಣು

ನಮ್ಮ ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು ಆನ್‌ಲೈನ್ ಅಂಗಡಿಯೊಂದಕ್ಕೆ ವರ್ಷದ ಚಂದಾ ಕಟ್ಟಿದಂದಿನಿಂದ, ಅಶೋಕನಗರದಲ್ಲಿ ಎದುರು ಸಿಕ್ಕವರಿಗೆಲ್ಲ ತಾವು ಉಳಿಸಿದ ದುಡ್ಡಿನ ಲೆಕ್ಕ ಒಪ್ಪಿಸುತ್ತಿದ್ದಾರೆ. ಆ ದುಡ್ಡು ಎಲ್ಲಿದೆ ಎಂಬುದನ್ನು ಮಾತ್ರ ಈವರೆಗೆ ಯಾರಿಗೂ ತೋರಿಸಿಲ್ಲ.

ಮೊನ್ನೆ ಅವರು ಹುಣಸೆಹಣ್ಣು ತರಿಸಿದರು. ತುಮಕೂರಿನಲ್ಲಿ ಕುಳಿತು ಹುಣಸೆಹಣ್ಣು ತರಿಸಿದರು ಎಂಬುದನ್ನು ಓದುಗರು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಬೇಕು. ಶಿವರಾತ್ರಿಯ ಆಸುಪಾಸಿನಲ್ಲಿ ಸುತ್ತಲಿನ ತಾಲ್ಲೂಕುಗಳ ಮೂಟೆಗಳು ಎಪಿಎಂಸಿ ಪ್ರಾಂಗಣಕ್ಕೆ ಬಂದು ಬೀಳುವ, ಹೊರರಾಜ್ಯದ ವ್ಯಾಪಾರಿಗಳೂ ಹುಡುಕಿಕೊಂಡು ಬರುವ, ವರ್ಷಕ್ಕಾಗುವಷ್ಟನ್ನು ಬೀಜ ಬಿಡಿಸಿ ಉಪ್ಪು ಬೆರೆಸಿ ಜಾಡಿಗೆ ತುಂಬಿಡುವ ಊರು ಇದು. ಇಂಥ ಊರಿಗೆ 200 ಗ್ರಾಮಿನ ಪೊಟ್ಟಣವೊಂದು, ನಾಲ್ಕು ರೇಷ್ಮೆ ಸೀರೆ ಹಿಡಿಸುವಂಥ ರಟ್ಟಿನ ಪೆಟ್ಟಿಗೆಯಲ್ಲಿ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳ ನಡುವೆ ಮಲಗಿಕೊಂಡು ಬಂದಿತು. ನಮ್ಮ ಮಂಡಿಯಿಂದಲೇ ಹೊರಟು ಊರೂರು ಸುತ್ತಿ ತವರಿಗೆ ಮರಳಿದ ಹಣ್ಣೋ ಏನೋ, ಬಲ್ಲವರಾರು?

“ಹೋದ ವರ್ಷದ್ದು ಕಣ್ರೀ, ಕಪ್ಪಗಾಗಿದೆ,” ಎಂದರು ಅವರ ಮನೆಯವರು.

“ಡೆಲಿವರಿ ಫ್ರೀ ಕಣೇ,” ಎಂದರು ಮೇಷ್ಟ್ರು.

ಅದೇ ಹಣ್ಣಿನಲ್ಲಿ ಸಾರು ಮಾಡಿ ನಮ್ಮ ಮನೆಗೂ ಒಂದು ಲೋಟ ಕಳುಹಿಸಿದರು. ಸಾರು ಚೆನ್ನಾಗಿಯೇ ಇತ್ತು. ಅದರಿಂದ ನನ್ನ ಸಿಟ್ಟು ಹೆಚ್ಚಿತೇ ಹೊರತು ಇಳಿಯಲಿಲ್ಲ.

ಮೇಷ್ಟ್ರ ಅಂಗಡಿ ಯಾವುದೆಂಬುದು ಬೇಡ. ವರ್ಷದ ಚಂದಾ ಕಟ್ಟಿದರೆ ಸಾಗಣೆ ಉಚಿತ ಎಂಬ ಈ ಪದ್ಧತಿಯನ್ನು ಮನೆಮಾತಾಗಿಸಿದ ಅಮೆಜಾನ್ ಪ್ರೈಮ್‌ನ ದರವನ್ನೇ ಮಾದರಿಗೆ ಇಟ್ಟುಕೊಳ್ಳೋಣ. 2005ರಲ್ಲಿ ಅಮೆರಿಕದಲ್ಲಿ ವರ್ಷಕ್ಕೆ 79 ಡಾಲರಿಗೆ ಆರಂಭವಾದದ್ದು, 2016ರಲ್ಲಿ ನಮ್ಮ ದೇಶಕ್ಕೆ 499 ರೂಪಾಯಿಯ ಪರಿಚಯದ ದರದಲ್ಲಿ ಕಾಲಿಟ್ಟು, 2021ರ ಡಿಸೆಂಬರಿನಲ್ಲಿ 999ರಿಂದ 1,499ಕ್ಕೆ ಏರಿತು. ಒಂದು ಸಲದ ಸಾಗಣೆಗೆ 40 ರೂಪಾಯಿ ಎಂದು ಹಿಡಿದರೆ, 38ನೆಯ ಪೊಟ್ಟಣ ಬಾಗಿಲಿಗೆ ಬರುವವರೆಗೆ ಅಸಲೇ ಹುಟ್ಟುವುದಿಲ್ಲ. ದೊಡ್ಡ ಮೊತ್ತದ ಖರೀದಿಗೆ ಚಂದಾ ಕಟ್ಟದವರಿಗೂ ಸಾಗಣೆ ಸಾಮಾನ್ಯವಾಗಿ ಉಚಿತವಾಗಿರುವುದರಿಂದ ಅಂಥವನ್ನು ಈ 38ರಲ್ಲಿ ಸೇರಿಸುವಂತಿಲ್ಲ. ಅದೇ ಚಂದಾದಲ್ಲಿ ನೋಡಲು ಸಿನಿಮಾವೂ ಸಿಗುತ್ತದಲ್ಲ ಎನ್ನುವವರುಂಟು. ಮೇಷ್ಟ್ರು ಒಂಬತ್ತಕ್ಕೆಲ್ಲ ಮಲಗಿಬಿಡುತ್ತಾರೆ. ಮಕ್ಕಳುಮರಿ ತುಂಬಿದ ಸಂಸಾರಕ್ಕೆ ಲಾಭವಿದ್ದೀತು, ಇಲ್ಲವೆನ್ನಲಾರೆ. ಆದರೆ ತಿಂಗಳಿಗೊಮ್ಮೆ ಚೀಟಿ ಬರೆದು ಎಲ್ಲವನ್ನೂ ಒಟ್ಟಿಗೆ ಕೊಳ್ಳುತ್ತಿದ್ದ ಮನುಷ್ಯ, ಕಟ್ಟಿದ ದುಡ್ಡು ದಂಡವಾಗಬಾರದೆಂದು ಇಂದು ಸೂಜಿ, ನಾಳೆ ದಾರ ತರಿಸುವುದನ್ನು ಉಳಿತಾಯವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. ಮೇಷ್ಟ್ರು ಕನ್ನಡಕ ಏರಿಸಿ, ಭಾಗಾಕಾರವನ್ನು ತಾಳೆ ನೋಡಿ, ಲೆಕ್ಕ ಸರಿಯಿದೆ ಎಂದು ಒಪ್ಪಿಕೊಂಡರು. ಬಳಿಕ ಅದೇ ಕಾಗದವನ್ನು ಮಗುಚಿ, ಚಂದಾ ಮುಗಿಯುವುದರೊಳಗೆ ತಾವು ಇನ್ನೆಷ್ಟು ಪೊಟ್ಟಣ ತರಿಸಿದರೆ ಅಸಲು ಹುಟ್ಟೀತೆಂದು ಗುಣಿಸತೊಡಗಿದರು.