131ನೆಯ ಸಲ

ಪರಿಸರ ಸಮಾವೇಶ ಮುಗಿದ ಮೇಲೆ ಬಾಗಿಲಲ್ಲಿ ಒಂದು ಹತ್ತಿಬಟ್ಟೆ ಚೀಲ ಕೊಟ್ಟು ಕಳಿಸುವುದು ಈಗ ಲೋಕರೂಢಿ. ಚೀಲದ ಮೇಲೆ ಭೂಮಿಯ ಚಿತ್ರ, ಕೆಳಗೆ ಪ್ರಾಯೋಜಕರ ಹೆಸರು. ಭೂಮಿಗಿಂತ ಹೆಸರೇ ದೊಡ್ಡದು. ಪಡೆದವರು ಅದನ್ನು ಮನೆಗೊಯ್ದು, ಹಿಂದಿನ ವರ್ಷಗಳ ಚೀಲಗಳನ್ನು ತುಂಬಿಟ್ಟ ಚೀಲದೊಳಗೆ ತುರುಕುತ್ತಾರೆ. ಅಲ್ಲಿಗೆ ಭೂಮಿ ಒಂದು ವರ್ಷದ ಮಟ್ಟಿಗೆ ಬಚಾವು.

ಇಂಗ್ಲೆಂಡಿನ ಪರಿಸರ ಏಜೆನ್ಸಿ 2011ರಲ್ಲಿ ಈ ಚೀಲಗಳ ಜಾತಕ ಬರೆಯಿತು. ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲ ಭೂಮಿಯ ತಾಪ ಏರಿಸುವಷ್ಟೇ ಹೊರೆಗೆ ಇಳಿಯಬೇಕಾದರೆ ಹತ್ತಿ ಚೀಲವನ್ನು 131 ಸಲ ಬಳಸಬೇಕು. ಆ ಪ್ಲಾಸ್ಟಿಕ್ ಚೀಲಗಳಲ್ಲಿ ಒಂದಷ್ಟನ್ನು ಜನ ಕಸದ ಬುಟ್ಟಿಗೆ ಹಾಸುತ್ತಾರೆಂದು ಹಿಡಿದರೆ 173 ಸಲ. ವಾರಕ್ಕೊಮ್ಮೆ ಸಾಮಾನು ತರುವ ಮನೆಯಲ್ಲಿ ಒಂದು ಚೀಲದ ಸಾಲ ತೀರಲು ಎರಡೂವರೆ ವರ್ಷ ಬೇಕು. ಆರು ಚೀಲ ಸರದಿಯಲ್ಲಿ ತಿರುಗಿದರೆ ಹದಿನೈದು ವರ್ಷ. (ಚರಂಡಿ ಕಟ್ಟುವುದು, ಸಮುದ್ರ ಸೇರುವುದು ಈ ಲೆಕ್ಕದಲ್ಲಿಲ್ಲ. ಅದಕ್ಕಾಗಿ ಪ್ಲಾಸ್ಟಿಕ್ ಬಿಡುವುದು ನ್ಯಾಯವೇ. ಆದರೆ ಅದಕ್ಕೆ ಒಂದು ಚೀಲ ಸಾಕು, ನಲವತ್ತು ಬೇಡ.)

ಸಮಾವೇಶದ ಒಳಗೆ ಪ್ರತಿಜ್ಞೆಯೂ ಇರುತ್ತದೆ: "ಬಳಸದ ಚಾರ್ಜರ್ ಕಿತ್ತಿಡುತ್ತೇನೆ." ಒಳ್ಳೆಯ ಹೊಸ ಚಾರ್ಜರ್ ಸುಮ್ಮನೆ ಸಿಕ್ಕಿಸಿಟ್ಟರೆ ಎಳೆಯುವುದು ಸುಮಾರು 0.1 ವ್ಯಾಟ್, ವರ್ಷವಿಡೀ ಬಿಟ್ಟರೂ ಒಂದು ಯೂನಿಟ್ ಆಗದು. ಸ್ನಾನದ 20 ಲೀಟರ್ ನೀರಿನ ಬಿಸಿಯನ್ನು 25 ಡಿಗ್ರಿಯಷ್ಟು ಏರಿಸಲು 0.58 ಯೂನಿಟ್ ಬೇಕು. ವರ್ಷಪೂರ್ತಿ ಮಾಡಿದ ಚಾರ್ಜರ್ ತಪಸ್ಸು ಎರಡು ಸ್ನಾನಕ್ಕೆ ತೊಳೆದುಹೋಯಿತು. ಗೀಸರ್ ಇಡೀ ದಿನ ಉರಿಸಿಡದೆ ಸ್ನಾನಕ್ಕೆ ಮುಂಚೆಯಷ್ಟೇ ಹಾಕುತ್ತೇನೆಂದು ಪ್ರತಿಜ್ಞೆ ಮಾಡಿಸಬಹುದಿತ್ತು, ಆದರೆ ಬಚ್ಚಲ ಫೋಟೊ ವರದಿಗೆ ಒಪ್ಪುವುದಿಲ್ಲ.

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎನ್ನುತ್ತದೆ ಗಾದೆ. ಇಲ್ಲಿ ಅಡಿಕೆಯನ್ನು ವೇದಿಕೆಯ ಮೇಲೆ ಹಿಂದಿರುಗಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆನೆ ಹಿತ್ತಲಲ್ಲೇ ಇದೆ. ಆ ಆನೆಯನ್ನು ನೋಡಬೇಕೆಂದರೆ ಸಭಾಂಗಣದ ಎಸಿಯ ಹೊರಘಟಕದ ಬಳಿ ಹೋಗಿ. ಒಳಗೆ 18 ಡಿಗ್ರಿ, ಕೋಟು ತೊಟ್ಟವರು ಭೂಮಿಯ ಜ್ವರದ ಬಗ್ಗೆ ನಡುಗುತ್ತ ಮಾತಾಡುತ್ತಿರುತ್ತಾರೆ. ಹೊರಗೆ ಮೆಕ್ಯಾನಿಕ್ "ಗ್ಯಾಸ್ ಖಾಲಿಯಾಗಿದೆ ಸಾರ್, ವರ್ಷಾ ವರ್ಷಾ ತುಂಬಿಸಬೇಕು" ಎನ್ನುತ್ತಿರುತ್ತಾನೆ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುವುದು. ಕಡಿಮೆಯಾಗಿದೆ ಎಂದರೆ ಸೋರಿದೆ ಎಂದೇ ಅರ್ಥ, ಬಹಳ ಸಲ ಕೊಳವೆಗಳನ್ನು ಬಿಗಿದು ಕೂಡಿಸುವ ಫ್ಲೇರ್ ನಟ್ಟಿನ ಜೋಡಣೆಯಲ್ಲಿ. ಹಲವು ಎಸಿಗಳಲ್ಲಿರುವ ಆರ್-410ಎ ಎಂಬ ಗ್ಯಾಸ್ ಒಂದು ಕಿಲೋ ಸೋರಿದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 2,088 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ, ಅಂದರೆ 900 ಲೀಟರ್ ಪೆಟ್ರೋಲನ್ನು ಬಯಲಲ್ಲಿ ಸುಟ್ಟಂತೆ. ಮಾಡಬೇಕಾದ್ದು ಇಷ್ಟು: ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲೇಳುತ್ತದೆ ನೋಡುವುದು, ಜೋಡಣೆ ಸರಿಪಡಿಸುವುದು, ವ್ಯಾಕ್ಯೂಮ್ ಎಳೆದು ಕೊಳವೆಯೊಳಗಿನ ಗಾಳಿ ತೆಗೆಯುವುದು, ಗ್ಯಾಸನ್ನು ತೂಗಿ ತುಂಬುವುದು. ಎರಡು ಮೂರು ತಾಸಿನ ಕೆಲಸ. ಸುಮ್ಮನೆ ತುಂಬಿಸಲು ಇಪ್ಪತ್ತು ನಿಮಿಷ ಸಾಕು, ಹಾಗಾಗಿ ತುಂಬಿಸುತ್ತಾರೆ.

1990ರ ದಶಕದಲ್ಲಿ ಸಂಶೋಧಕರಾದ ವಿಲಿಯಂ ರೀಸ್ ಮತ್ತು ಮ್ಯಾಥಿಸ್ ವಾಕರ್ನಾಗೆಲ್ 'ಪರಿಸರ ಹೆಜ್ಜೆಗುರುತು' ಎಂಬ ಅಳತೆ ಕಟ್ಟಿದಾಗ ಕೇಳಿದ್ದು ಸರಳ ಪ್ರಶ್ನೆ: ನೀವು ಬಳಸುವುದನ್ನು ಬೆಳೆಯಲು, ನಿಮ್ಮ ಹೊಗೆ ಹೀರಲು ಎಷ್ಟು ನೆಲ, ಎಷ್ಟು ನೀರು ಬೇಕು? ಉತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಗಾಲದ್ದೇ. 2004ರಲ್ಲಿ ಬಿಪಿ ಎಂಬ ತೈಲ ಕಂಪನಿ ನಿಮ್ಮ ಇಂಗಾಲದ ಹೆಜ್ಜೆ ನೀವೇ ಅಳೆದುಕೊಳ್ಳಿ ಎಂದು ಕ್ಯಾಲ್ಕುಲೇಟರ್ ಕೊಟ್ಟಿತು. ಹೆಂಡದಂಗಡಿಯವನೇ ಗಿರಾಕಿಯ ನಡಿಗೆ ನೆಟ್ಟಗಿದೆಯೇ ಎಂದು ಟೇಪು ಹಿಡಿದ ಹಾಗೆ.

ಇನ್ನು ಚೀಲ. "ಹೋದ ವರ್ಷ ಕೊಟ್ಟ ಚೀಲವನ್ನೇ ತನ್ನಿ" ಎಂದು ಆಮಂತ್ರಣದಲ್ಲಿ ಒಂದು ಸಾಲು ಹಾಕಿದ್ದರೆ ಮುಗಿಯುತ್ತಿತ್ತು. ಆಗದು. ಅದರ ಮೇಲೆ ಹೋದ ವರ್ಷದ ಪ್ರಾಯೋಜಕರ ಹೆಸರಿದೆ.